ನಾರ್ವೇಜಿಯನ್ ಷರತ್ತು ವಾಕ್ಯಗಳಲ್ಲಿ ಕ್ರಿಯಾರೂಪ: ಭೂತಕಾಲ ಮತ್ತು ಅವಾಸ್ತವತೆ

1. ಪೀಠಿಕೆ

ನಾರ್ವೇಜಿಯನ್ ಭಾಷೆಯ ಹಳೆಯ ಶಾಲಾ ವ್ಯಾಕರಣಗಳು ‘ಕೊಂದಿಶುನಾಲಿಸ್’ ಎಂಬ ಹೆಸರಿನಲ್ಲಿ ಎರಡು ಕ್ರಿಯಾರೂಪಗಳನ್ನು ಹೇಳುತ್ತವೆ. ‘ವಿಲ್ಲೆ’ ಎಂಬ ಸಹಾಯಕ ಕ್ರಿಯಾಪದಕ್ಕೆ ಭಾವರೂಪ ಸೇರಿದರೆ ಮೊದಲನೆಯದು. ‘ವಿಲ್ಲೆ ಹಾ’ ಎಂಬುದಕ್ಕೆ ಭೂತಕೃದಂತ ಸೇರಿದರೆ ಎರಡನೆಯದು. ಈ ಹೆಸರನ್ನು ಒಪ್ಪಿಕೊಂಡರೆ, ಷರತ್ತಿನ ಅರ್ಥವನ್ನು ಹೊರುವ ಪ್ರತ್ಯೇಕ ರೂಪಾವಳಿಯೊಂದು ಆ ಭಾಷೆಯಲ್ಲಿದೆ ಎಂದೂ ಒಪ್ಪಬೇಕಾಗುತ್ತದೆ. ಬೂಕ್ಮೋಲ್ ಪ್ರಭೇದದ ಉದಾಹರಣೆಗಳನ್ನು ಆಧರಿಸಿ, ಅಂಥ ರೂಪಾವಳಿ ಇಲ್ಲವೆಂದೂ ಭೂತಕಾಲದ ರೂಪವೇ ಅವಾಸ್ತವತೆಯನ್ನು ಸೂಚಿಸುವ ಹೊಣೆ ಹೊತ್ತಿದೆಯೆಂದೂ ನಾವು ಇಲ್ಲಿ ವಾದಿಸುತ್ತೇವೆ.

2. ಮೂಲ ವಿನ್ಯಾಸ

(1) ವಿಸ್ ಯೈ ಹಾರ್ ತೀದ್, ರೈಸೆರ್ ಯೈ. ‘ನನಗೆ ಸಮಯವಿದ್ದರೆ ಪ್ರಯಾಣ ಮಾಡುತ್ತೇನೆ.’

(2) ವಿಸ್ ಯೈ ಹದ್ದೆ ತೀದ್, ವಿಲ್ಲೆ ಯೈ ರೈಸೆ. ‘ನನಗೆ ಸಮಯವಿದ್ದಿದ್ದರೆ ಪ್ರಯಾಣ ಮಾಡುತ್ತಿದ್ದೆ.’ (ಈಗಿನ ಸ್ಥಿತಿಯನ್ನು ಕುರಿತು)

(3) ವಿಸ್ ಯೈ ಹದ್ದೆ ಹತ್ತ್ ತೀದ್, ವಿಲ್ಲೆ ಯೈ ಹಾ ರೈಸ್ತ್. ‘ನನಗೆ ಸಮಯವಿದ್ದಿದ್ದರೆ ಪ್ರಯಾಣ ಮಾಡಿರುತ್ತಿದ್ದೆ.’

(1) ತೆರೆದ ಷರತ್ತು. ಎರಡೂ ಅಂಗಗಳಲ್ಲಿ ವರ್ತಮಾನವಿದೆ. (2)ರಲ್ಲಿ ಪೂರ್ವಾಂಗದ ‘ಹದ್ದೆ’ ಸಾಮಾನ್ಯ ಭೂತರೂಪ, ಆದರೆ ಅದು ಹೇಳುವ ಕಾಲ ವರ್ತಮಾನ. ಉತ್ತರಾಂಗದ ‘ವಿಲ್ಲೆ’ಯೂ ‘ವಿಲ್’ ಎಂಬುದರ ಭೂತರೂಪವೇ. ಹೀಗೆ (1)ರಿಂದ (2)ಕ್ಕೆ ಬರುವಾಗ ಎರಡೂ ಅಂಗಗಳು ಕಾಲದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿದಿವೆ. ಅರ್ಥ ಮಾತ್ರ ಭೂತಕ್ಕೆ ಹೋಗದೆ ವಾಸ್ತವದಿಂದ ದೂರ ಸರಿದಿದೆ.

3. ‘ವಿಲ್ಲೆ’ಯ ಮೂರು ಪಾತ್ರಗಳು

‘ವಿಲ್ಲೆ’ಯನ್ನು ಷರತ್ತಿನ ಗುರುತೆಂದು ಕರೆಯಲು ಅಡ್ಡಿಯಾಗುವುದು ಅದರ ಬಹುಪ್ರಯೋಗ. ‘ಹನ್ ವಿಲ್ಲೆ ಕೊಮ್ಮೆ’ ಎಂಬ ವಾಕ್ಯಕ್ಕೆ ‘ಅವನಿಗೆ ಬರುವ ಮನಸ್ಸಿತ್ತು’ ಎಂಬ ಅರ್ಥ ಸಹಜ. ‘ಹುನ್ ಸಾ ಅತ್ ಹನ್ ವಿಲ್ಲೆ ಕೊಮ್ಮೆ’ ಎಂಬಲ್ಲಿ ಅದೇ ಪದಪುಂಜ ‘ಅವನು ಬರುತ್ತಾನೆಂದು ಅವಳು ಹೇಳಿದಳು’ ಎಂದು, ಭೂತದಿಂದ ನೋಡಿದ ಭವಿಷ್ಯವನ್ನು ಸೂಚಿಸುತ್ತದೆ. ಷರತ್ತಿನ ಉತ್ತರಾಂಗ ಮೂರನೆಯ ನೆಲೆ. ಒಂದೇ ರೂಪಕ್ಕೆ ಸಂದರ್ಭವೇ ಅರ್ಥ ನಿರ್ಣಯಿಸುವಾಗ, ಮೂರರಲ್ಲಿ ಒಂದನ್ನು ಮಾತ್ರ ಆರಿಸಿ ರೂಪಕ್ಕೆ ಹೆಸರಿಡುವುದು ವಿವರಣೆಗೆ ನೆರವಾಗದು.

4. ‘ವಿಲ್ಲೆ’ ಇಲ್ಲದ ಉತ್ತರಾಂಗ

ಇನ್ನೂ ಬಲವಾದ ಸಾಕ್ಷ್ಯ ಆಡುಮಾತಿನಲ್ಲಿ ಹೇರಳವಾಗಿ ಸಿಗುವ ಈ ವಿನ್ಯಾಸ:

(4) ವಿಸ್ ಯೈ ಹದ್ದೆ ಹತ್ತ್ ತೀದ್, ಹದ್ದೆ ಯೈ ರೈಸ್ತ್.

ಇಲ್ಲಿ ಎರಡೂ ಅಂಗಗಳಲ್ಲಿ ಪೂರ್ಣಭೂತವಿದೆ. ‘ವಿಲ್ಲೆ’ ಎಲ್ಲಿಯೂ ಇಲ್ಲ. ಆದರೂ ಅವಾಸ್ತವತೆ ಕುಂದಿಲ್ಲ. ‘ವಿಲ್ಲೆ’ ಇರುವಲ್ಲಿಯೂ ‘ಹಾ’ ಲೋಪವಾಗಿ ‘ವಿಲ್ಲೆ ಯೈ ರೈಸ್ತ್’ ಎಂದಾಗಬಹುದು. ಇದಕ್ಕಿಂತ ಕುತೂಹಲಕರವಾದುದು ಪೂರ್ಣಭೂತದ ಈ ಪ್ರಯೋಗ:

(5) ದೆ ಹದ್ದೆ ವ್ಯಾರ್ತ್ ಫೀನ್ತ್ ಒಮ್ ದು ಕೊಮ್ ಇ ಮೋರ್ನ್. ‘ನೀನು ನಾಳೆ ಬಂದರೆ ಚೆನ್ನಾಗಿರುತ್ತಿತ್ತು.’

‘ಇ ಮೋರ್ನ್’ ಎಂದರೆ ‘ನಾಳೆ’. ಪೂರ್ಣಭೂತದ ‘ಹದ್ದೆ ವ್ಯಾರ್ತ್’ ಇಲ್ಲಿ ಭವಿಷ್ಯದ ವಿಷಯವನ್ನು ಕುರಿತ ಸೌಜನ್ಯದ ಆಹ್ವಾನ. ರೂಪವನ್ನು ನೋಡಿ ಇದನ್ನು ‘ಚೆನ್ನಾಗಿತ್ತು’ ಎಂದು ಅನುವಾದಿಸಿದರೆ, ನಾಳೆಯ ಕರೆ ಮುಗಿದುಹೋದ ಸಂಗತಿಯ ವರದಿಯಾಗುತ್ತದೆ. ಪದಶಃ ಅರ್ಥ ಕೊಡುವ ಸಂಶೋಧಕರು ಇಂಥಲ್ಲಿ ರೂಪದ ಹೆಸರನ್ನೂ ಅದರ ಅರ್ಥವನ್ನೂ ಬೇರೆ ಬೇರೆ ಸಾಲುಗಳಲ್ಲಿ ನಮೂದಿಸುವುದು ಅಗತ್ಯ.

5. ಪದಕ್ರಮದ ಪಾತ್ರ

‘ವಿಸ್’ ಇಲ್ಲದೆಯೂ ಷರತ್ತು ಸಾಧ್ಯ. ಆಗ ಕ್ರಿಯಾಪದ ವಾಕ್ಯಾರಂಭಕ್ಕೆ ಬರುತ್ತದೆ:

(6) ಹದ್ದೆ ಯೈ ಹತ್ತ್ ತೀದ್, ವಿಲ್ಲೆ ಯೈ ಹಾ ರೈಸ್ತ್.

(7) ಹಾರ್ ಯೈ ತೀದ್, ರೈಸೆರ್ ಯೈ.

ಇಂದಿನ ಇಂಗ್ಲಿಷಿನಲ್ಲಿ ಇಂಥ ಪಲ್ಲಟ ಕೆಲವೇ ಸಹಾಯಕ ಕ್ರಿಯೆಗಳಿಗೆ ಸೀಮಿತ. ನಾರ್ವೇಜಿಯನ್ನಿನಲ್ಲಿ (7)ರಂತೆ ವರ್ತಮಾನದ ತೆರೆದ ಷರತ್ತಿಗೂ ಅದು ಸಲ್ಲುತ್ತದೆ. ಆದುದರಿಂದ ಪದಕ್ರಮ ಷರತ್ತನ್ನು ಸೂಚಿಸುತ್ತದೆ, ಅವಾಸ್ತವತೆಯನ್ನಲ್ಲ. ಎರಡು ಅರ್ಥಗಳಿಗೆ ಎರಡು ಬೇರೆ ಸಾಧನಗಳಿವೆ.

6. ಐತಿಹಾಸಿಕ ಹಿನ್ನೆಲೆ ಮತ್ತು ಕನ್ನಡ

ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ವರ್’ (ಇದ್ದನು) ಎಂಬುದಕ್ಕೆ ಎದುರಾಗಿ ‘ವ್ಯಾರಿ’ ಎಂಬ ಸಂಭಾವನಾರ್ಥಕ ರೂಪವಿತ್ತು. ಐಸ್‌ಲ್ಯಾಂಡಿಕ್ ಭಾಷೆ ಈ ಭೇದವನ್ನು ಇಂದಿಗೂ ಉಳಿಸಿಕೊಂಡಿದೆ. ನಾರ್ವೇಜಿಯನ್ನಿನಲ್ಲಿ ಅದು ಅಳಿದು, ‘ಲೇವೆ ಕೊಂಙೆನ್’ (ಅರಸನು ಬಾಳಲಿ) ಎಂಬಂಥ ಹಾರೈಕೆಗಳಲ್ಲಷ್ಟೇ ಸಂಭಾವನಾರ್ಥದ ಕುರುಹು ಉಳಿದಿದೆ. ತೆರವಾದ ಸ್ಥಾನದಲ್ಲಿ ಇಂದು ಕೆಲಸ ಮಾಡುತ್ತಿರುವುದು ಭೂತಕಾಲದ ಸಾಮಾನ್ಯ ರೂಪ.

ಕನ್ನಡದ ಹೋಲಿಕೆ ಇಲ್ಲಿ ಬೆಳಕು ಚೆಲ್ಲುತ್ತದೆ. ‘ಬಂದರೆ’ ಎಂಬ ಪಕ್ಷಾರ್ಥಕ ರೂಪ ಭೂತಕಾಲದ ಪ್ರಕೃತಿಯ ಮೇಲೆಯೇ ನಿಂತಿದೆ. ಆದರೂ ‘ನಾಳೆ ಬಂದರೆ ಕೊಡುತ್ತೇನೆ’ ಎಂಬುದು ತೆರೆದ ಷರತ್ತು. ‘ಬಂದಿದ್ದರೆ’ ಕೂಡ ತಾನಾಗಿ ಅವಾಸ್ತವವಲ್ಲ: ‘ಅವನು ಬಂದಿದ್ದರೆ ಒಳಗೆ ಕರೆ’ ಎನ್ನುತ್ತೇವೆ. ‘ಬಂದಿದ್ದರೆ ಕೊಡುತ್ತಿದ್ದೆ’ ಎಂಬಲ್ಲಿ ನಿರ್ಣಾಯಕವಾದುದು ಉತ್ತರಾಂಗದ ‘ಕೊಡುತ್ತಿದ್ದೆ’. ಆ ರೂಪವೂ ಬೇರೆಡೆ ಭೂತಕಾಲದ ರೂಢಿಯನ್ನು ಹೇಳುವ ಸಾಮಾನ್ಯ ರೂಪವೇ. ಎಂದರೆ, ನಾರ್ವೇಜಿಯನ್ ಪೂರ್ವಾಂಗದಲ್ಲಿಯೇ ಭೂತರೂಪದಿಂದ ಷರತ್ತಿನ ದೂರವನ್ನು ಅಳೆಯುತ್ತದೆ; ಕನ್ನಡ ಆ ಕೆಲಸದ ಮುಖ್ಯ ಭಾರವನ್ನು ಉತ್ತರಾಂಗಕ್ಕೆ ಬಿಡುತ್ತದೆ.

7. ಉಪಸಂಹಾರ

‘ಕೊಂದಿಶುನಾಲಿಸ್’ ಎಂಬ ಹೆಸರು ಬೋಧನೆಗೆ ಅನುಕೂಲವಾಗಿರಬಹುದು. ವರ್ಣನಾತ್ಮಕ ವ್ಯಾಕರಣದಲ್ಲಿ ಅದಕ್ಕೆ ರೂಪಾವಳಿಯ ಸ್ಥಾನ ಕೊಡಲು (4) ಮತ್ತು (5) ಬಿಡುವುದಿಲ್ಲ. ಭೂತರೂಪ ಎಲ್ಲಿ ಕಾಲವನ್ನು ಹೇಳುತ್ತದೆ, ಎಲ್ಲಿ ವಾಸ್ತವದಿಂದ ಇರುವ ದೂರವನ್ನು ಹೇಳುತ್ತದೆ ಎಂಬುದನ್ನು ನಿರ್ಣಯಿಸಲು ಕಾಲವಾಚಕ ಪದಗಳೇ ವಿಶ್ವಾಸಾರ್ಹ ಪರೀಕ್ಷೆ. ಭೂತರೂಪ ‘ನಾಳೆ’ಯೊಡನೆ ಹೊಂದಿಕೊಳ್ಳುವಲ್ಲಿ ಅದು ಕಾಲವಾಚಿಯಾಗಿ ಉಳಿದಿಲ್ಲವೆಂದು ನಾವು ತಿಳಿಯಬೇಕು.