ಪ್ರಾಸ ಬಿಟ್ಟ ಪೈಗಳು, ಬರೆಯಲು ಅಂಜುವ ಮಕ್ಕಳು

ಮಂಜೇಶ್ವರದ ಗೋವಿಂದ ಪೈಗಳು ಕವಿತೆಯಲ್ಲಿ ಪ್ರಾಸವನ್ನು ಬಿಟ್ಟುಬಿಡಲು ನಿರ್ಧರಿಸಿದ್ದು 1911ರಲ್ಲಿ. ಆಗ ಅವರಿಗೆ ಇಪ್ಪತ್ತೆಂಟರ ಹರೆಯ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ರಾಷ್ಟ್ರಕವಿಯ ಕುರಿತ ಭಾಷಣದಲ್ಲಿ ಈ ಸಂಗತಿಯನ್ನು ತಪ್ಪದೆ ಒಪ್ಪಿಸುತ್ತಾರೆ. ಆದರೆ ಅವರು ಬಿಟ್ಟದ್ದು ಏನನ್ನು, ಅದರಿಂದ ಆದದ್ದೇನು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ವಿರಳ.

ಹಳೆಯ ಕಾವ್ಯದ ಪ್ರಾಸವೆಂದರೆ ಇಂದಿನ ಹಾಡುಗಳಲ್ಲಿ ಸಾಲಿನ ತುದಿಗೆ ಕೇಳಿಸುವ ಪ್ರಾಸವಲ್ಲ. ಪದ್ಯದ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಅದರ ಕಟ್ಟಳೆ. ಮೊದಲ ಸಾಲು ‘ಮಳೆ’ ಎಂದು ಆರಂಭವಾದರೆ ಉಳಿದವು ‘ಇಳೆ’, ‘ಹೊಳೆ’, ‘ಬೆಳೆ’ ಎಂಬಂಥ ಮಾತುಗಳಿಂದಲೇ ಆರಂಭವಾಗಬೇಕು. ‘ಗುಡುಗು’ ಎಂಬ ಮಾತು ಕವಿಯ ನಾಲಿಗೆಯ ಮೇಲೆಯೇ ಇದ್ದರೂ ಸಾಲಿನ ತಲೆಯಲ್ಲಿ ಅದಕ್ಕೆ ಜಾಗವಿಲ್ಲ. ಪಂಪ, ರನ್ನರಂಥವರು ಈ ಕಟ್ಟಳೆಯನ್ನು ಲೀಲಾಜಾಲವಾಗಿ ನಿಭಾಯಿಸಿದರು, ನಿಜ. ಆದರೆ ಕಾಲ ಕಳೆದಂತೆ, ಕಾವ್ಯಕ್ಕೆ ಅಂದವೆನಿಸಿದ್ದ ಪ್ರಾಸವು ಪಂಡಿತರ ದೃಷ್ಟಿಯಲ್ಲಿ ಕವಿಯ ಯೋಗ್ಯತಾಪತ್ರವೇ ಆಗಿಬಿಟ್ಟಿತು.

ಪೈಗಳು ಬಿಟ್ಟದ್ದು ಪ್ರಾಸವೊಂದನ್ನೇ. ಛಂದಸ್ಸನ್ನು ಬಿಡಲಿಲ್ಲ, ಲಯವನ್ನು ಬಿಡಲಿಲ್ಲ, ವಿದ್ವತ್ತಿನ ಶಿಸ್ತನ್ನಂತೂ ಬಿಡಲೇ ಇಲ್ಲ; ಅವರ ಇತಿಹಾಸ ಸಂಶೋಧನೆಗಳನ್ನು ನೋಡಿದವರು ಇದನ್ನು ಬಲ್ಲರು. ಒಂದು ಬಗೆಯ ಪರಿಪೂರ್ಣತೆಯ ಹಟವನ್ನು ಇಳಿಸಿದ್ದರಿಂದ ಅಸ್ಪೃಶ್ಯತೆಯನ್ನು ಪ್ರಶ್ನಿಸುವ ‘ಹೊಲೆಯನು ಯಾರು?’ ಎಂಬ ಕವಿತೆಗೆ ದಾರಿಯಾಯಿತು. ಮುಂದೆ ಕ್ರಿಸ್ತನ ಕೊನೆಯ ದಿನವನ್ನು ಚಿತ್ರಿಸುವ ‘ಗೊಲ್ಗೊಥಾ’ ಖಂಡಕಾವ್ಯವೂ ಬಂದಿತು. ಇನ್ನೊಂದು ಸಂಗತಿಯನ್ನು ಗಡಿನಾಡಿನ ಹೆತ್ತವರು ಮರೆಯಬಾರದು: ಪೈಗಳ ಮನೆಮಾತು ಕೊಂಕಣಿ. ಕನ್ನಡ ಅವರು ಓದಿ, ಬರೆದು ತಮ್ಮದಾಗಿಸಿಕೊಂಡ ಭಾಷೆ.

ಇಂದು ಇಲ್ಲಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಕುಳಿತಿರುವ ಅನೇಕ ಮಕ್ಕಳ ಸ್ಥಿತಿಯೂ ಅದೇ. ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ. ಯಕ್ಷಗಾನದ ಪ್ರಸಂಗವೊಂದರ ಕಥೆಯನ್ನು ಬಾಯಲ್ಲಿ ಅರ್ಧ ಗಂಟೆ ಹೇಳಬಲ್ಲ ಹುಡುಗನು ಅದನ್ನೇ ಬರೆಯೆಂದರೆ ಎರಡನೆಯ ವಾಕ್ಯಕ್ಕೆ ನಿಂತುಬಿಡುತ್ತಾನೆ. ಅವನಲ್ಲಿ ಕಲ್ಪನೆಗೆ ಬರವಿಲ್ಲ. ಲಕಾರವೋ ಳಕಾರವೋ, ನಕಾರವೋ ಣಕಾರವೋ, ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬ ಅಂಜಿಕೆ ಅವನ ಕೈಯನ್ನು ಹಿಡಿದಿದೆ. ಹಿಂದಿನ ಪುಟದ ಕೆಂಪು ಗೆರೆಗಳು ಇನ್ನೂ ಕಣ್ಣ ಮುಂದಿವೆ. ಬರೆದದ್ದನ್ನು ಅಳಿಸಿ, ಅಳಿಸಿದಲ್ಲೇ ಮತ್ತೆ ಬರೆದು, ಕಾಗದ ಹರಿದು ಕೊನೆಗೆ ಆ ಹಾಳೆಯನ್ನೇ ಕಿತ್ತು ಎಸೆಯುತ್ತಾನೆ. ಗಡಿನಾಡಿನ ಕನ್ನಡವು ಶುದ್ಧವಾಗಿರಲೇಬೇಕೆಂಬ ಹಿರಿಯರ ಹಂಬಲಕ್ಕೆ ಇತಿಹಾಸದ ನೋವಿನ ಕಾರಣವಿದೆ. ಆದರೆ ಆ ಹಂಬಲದ ಭಾರವನ್ನು ಹನ್ನೊಂದು ವರ್ಷದ ಮಗುವಿನ ಮೊದಲ ಪುಟದ ಮೇಲೆ ಹೇರುವುದು ನ್ಯಾಯವಲ್ಲ.

ಹಾಗೆಂದು ತಪ್ಪನ್ನು ತಪ್ಪಾಗಿಯೇ ಬಿಡಬೇಕೆಂದಲ್ಲ. ‘ಮಳೆ’ಯು ‘ಮಲೆ’ಯಾದರೆ ಅರ್ಥವೇ ಬೇರೆಯಾಗುತ್ತದೆ, ತಿದ್ದಲೇಬೇಕು. ಯಾವಾಗ ತಿದ್ದಬೇಕು ಎಂಬುದಷ್ಟೇ ಪ್ರಶ್ನೆ. ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಗೂ ಗೀಚಿ, ಹೊಡೆದು ಹಾಕಿದ ಕರಡೊಂದು ಇರುತ್ತದೆ. ಅದನ್ನು ಯಾವ ನ್ಯಾಯಾಧೀಶರೂ ಕೇಳಿ ನೋಡುವುದಿಲ್ಲ. ಮಗುವಿನ ಕಥೆಗೆ ಮಾತ್ರ ಕರಡಿನ ಹಕ್ಕಿಲ್ಲವೇ? ಮನೆಯಲ್ಲಿ ಹಳೆಯ ನೋಟುಪುಸ್ತಕವೊಂದನ್ನು ಕರಡಿಗೆಂದೇ ಮೀಸಲಿಡಬಹುದು. ಅದರಲ್ಲಿ ಕೆಂಪು ಶಾಯಿ ಬೇಡ, ರಬ್ಬರೂ ಬೇಡ. ತೋಚದ ಕನ್ನಡ ಪದದ ಜಾಗದಲ್ಲಿ ತುಳು ಪದವನ್ನೇ ಬರೆದು ಮುಂದೆ ಸಾಗಲಿ. ಕಥೆ ಮುಗಿದ ಮರುದಿನ ಮಗುವೇ ಅದನ್ನು ಗಟ್ಟಿಯಾಗಿ ಓದಲಿ; ಎಡವಿದ ಕಡೆ ನಿಂತು ತಾನೇ ತಿದ್ದಿಕೊಳ್ಳಲಿ. ಉಳಿದದ್ದನ್ನು ಅಧ್ಯಾಪಕರೋ ಅಮ್ಮನೋ ತೋರಿಸಿಕೊಟ್ಟರೆ ಸಾಕು. ಶಾಲಾ ಕಲೋತ್ಸವದ ರಚನಾ ಸ್ಪರ್ಧೆಗೆ ತಯಾರಾಗುವ ಮಕ್ಕಳಿಗಂತೂ ಬಹುಮಾನಿತ ಪ್ರಬಂಧಗಳನ್ನು ಉರುಹೊಡೆಸುವುದಕ್ಕಿಂತ ಇದು ಎಷ್ಟೋ ಮೇಲು.

ತಿದ್ದುವುದಕ್ಕೆ ಕಾಲವಿದ್ದೇ ಇದೆ. ಪ್ರಾಸ ಬಿಟ್ಟ ಮೇಲೂ ಪೈಗಳು ಪುಸ್ತಕ ತರಲು ಆತುರಪಡಲಿಲ್ಲ. ಅವರ ‘ಗಿಳಿವಿಂಡು’ ಕವನಸಂಕಲನ ಬೆಳಕು ಕಂಡದ್ದು 1930ರಲ್ಲಿ, ಆ ನಿರ್ಧಾರದ ಹತ್ತೊಂಬತ್ತು ವರ್ಷಗಳ ಬಳಿಕ.