ತುರ್ತು ಮೀನುಗಾರಿಕೆ ನಿಷೇಧ ಮತ್ತು ಒಳನಾಡಿನ ವರ್ತಕರ ಲೆಕ್ಕಪುಸ್ತಕ

ಮೂಡುಬಿದಿರೆ–ಕಾರ್ಕಳ ಹೆದ್ದಾರಿಯ ಬದಿಯಲ್ಲಿರುವ ಬೆಳುವಾಯಿಯಿಂದ ಕಡಲು ಕಾಣಿಸುವುದಿಲ್ಲ. ಆದರೂ ಇಂತಹ ಒಳನಾಡಿನ ಪೇಟೆಗಳ ಮೀನಿನ ಅಂಗಡಿ, ಊಟದ ಹೋಟೆಲು, ಮಂಜುಗಡ್ಡೆಯ ವ್ಯಾಪಾರ, ಟೆಂಪೊ ಬಾಡಿಗೆ ಇವುಗಳ ದಿನದ ಲೆಕ್ಕವು ಮಂಗಳೂರು ಮತ್ತು ಮಲ್ಪೆ ಬಂದರುಗಳಿಂದಲೇ ಆರಂಭವಾಗುತ್ತದೆ. ಕಡಲಿನಲ್ಲಿ ಹಡಗೊಂದು ಮುಳುಗಿ ಸರಕಾರವು ಮೀನುಗಾರಿಕೆಯನ್ನು ತಡೆಹಿಡಿದರೆ ದೋಣಿಯ ಮಾಲೀಕನಿಗೆ ನಷ್ಟವಾಗುವುದು ಎಲ್ಲರಿಗೂ ತಿಳಿಯುತ್ತದೆ. ಘಟ್ಟದ ಬುಡದವರೆಗೆ ಮೀನು ಸಾಗಿಸಿ ಮಾರುವವನ ನಷ್ಟವು ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆ ನಷ್ಟವನ್ನು ಕಾನೂನು ಹೇಗೆ ನೋಡುತ್ತದೆ, ಅದನ್ನು ರುಜುವಾತುಪಡಿಸಲು ಏನು ಬೇಕು ಎಂಬುದನ್ನು ವರ್ತಕರು ಮುಂಚಿತವಾಗಿ ಅರಿತಿರುವುದು ಒಳಿತು.

ಕರಾವಳಿಯವರಿಗೆ ಮೀನುಗಾರಿಕೆ ನಿಷೇಧವು ಹೊಸತಲ್ಲ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಪ್ರತಿವರ್ಷವೂ ರಜೆ. ಇದು ಮೀನಿನ ಸಂತಾನಾಭಿವೃದ್ಧಿಗಾಗಿ ಇರುವ ನಿಯಮ. ದಿನಾಂಕ ಮೊದಲೇ ಗೊತ್ತಿರುವುದರಿಂದ ವರ್ತಕರು ಒಣಮೀನು, ಶೀತಲಗೃಹದ ಮೀನು ಹಾಗೂ ಹೊರರಾಜ್ಯಗಳ ಮಾಲನ್ನು ನಂಬಿ ಆ ಎರಡು ತಿಂಗಳುಗಳನ್ನು ದಾಟುತ್ತಾರೆ. ತುರ್ತು ನಿಷೇಧವಾದರೋ ಪೂರ್ವಸೂಚನೆಯಿಲ್ಲದೆ ಬರುತ್ತದೆ. ಅದರ ಉದ್ದೇಶ ತಿನ್ನುವವನ ಆರೋಗ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮಾಲಿನ ಪೂರೈಕೆಯನ್ನು ಮಾತ್ರವಲ್ಲದೆ ಗಿರಾಕಿಯ ನಂಬಿಕೆಯನ್ನೂ ಕೆಡಿಸುತ್ತದೆ.

ಕೇರಳದ ಅನುಭವ

2025ರ ಮೇ 25ರಂದು ಲೈಬೀರಿಯಾ ಧ್ವಜದ ಎಂ.ಎಸ್.ಸಿ. ಎಲ್ಸಾ–3 ಎಂಬ ಕಂಟೈನರ್ ಹಡಗು ಕೇರಳದ ಕರಾವಳಿಯಾಚೆ ಮುಳುಗಿತು. ಅದರಲ್ಲಿದ್ದ ಸುಮಾರು 640 ಕಂಟೈನರುಗಳ ಪೈಕಿ ಕೆಲವುಗಳಲ್ಲಿ ನೀರು ತಾಗಿದರೆ ಉರಿಯುವ ಅನಿಲವನ್ನು ಹೊರಸೂಸುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಟ್ಯಾಂಕುಗಳಲ್ಲಿ 367 ಟನ್ನುಗಳಷ್ಟು ಫರ್ನೆಸ್ ತೈಲವೂ 84 ಟನ್ನುಗಳಷ್ಟು ಡೀಸೆಲ್ಲೂ ಇದ್ದವು. ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಕಡಲತೀರದವರೆಗೂ ಬಂದು ಬಿದ್ದವು. ಹಡಗು ಮುಳುಗಿದ ಸ್ಥಳದಿಂದ 20 ನಾಟಿಕಲ್ ಮೈಲು, ಅಂದರೆ ಸುಮಾರು 37 ಕಿಲೋಮೀಟರ್ ಸುತ್ತಳತೆಯೊಳಗೆ ಮೀನು ಹಿಡಿಯಕೂಡದೆಂದು ಸರಕಾರ ಆದೇಶಿಸಿತು. ಮೇ 29ರಂದು ಇದನ್ನು ರಾಜ್ಯ ವಿಪತ್ತೆಂದು ಘೋಷಿಸಿತು. ಆ ವಲಯದ ಹೊರಗಿನ ಮೀನು ತಿನ್ನಲು ಯೋಗ್ಯವೆಂದು ಸರಕಾರ ಸಾರಿ ಹೇಳಬೇಕಾಯಿತು. ಏಕೆಂದರೆ ನಿಷೇಧಕ್ಕೆ ಗಡಿಯಿದ್ದರೂ ಭಯಕ್ಕೆ ಗಡಿಯಿರುವುದಿಲ್ಲ. ಎಲ್ಲೆಡೆ ಮೀನಿನ ಮಾರಾಟ ಕುಸಿದಿತ್ತು. ಮೀನುಗಾರ ಕುಟುಂಬಗಳಿಗೆ ತಲಾ 1,000 ರೂಪಾಯಿ ಹಾಗೂ 6 ಕಿಲೋ ಅಕ್ಕಿಯ ನೆರವು ದೊರೆಯಿತು.

ಇದಾದ ಎರಡೇ ವಾರಗಳಲ್ಲಿ, ಜೂನ್ 9ರಂದು, ಕಣ್ಣೂರಿನ ಆಚೆ ವಾನ್ ಹೈ 503 ಎಂಬ ಹಡಗಿಗೆ ಬೆಂಕಿ ಹತ್ತಿತು. ರಕ್ಷಿಸಲ್ಪಟ್ಟ 18 ಸಿಬ್ಬಂದಿಯನ್ನು ಕರೆತಂದದ್ದು ನವಮಂಗಳೂರು ಬಂದರಿಗೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿಗಳನ್ನು ಹೊತ್ತಿದ್ದ ಪ್ರಿನ್ಸೆಸ್ ಮಿರಾಲ್ ಮುಳುಗಿದಾಗಲೂ ತೈಲ ಸೋರಿಕೆಯ ಆತಂಕವಿತ್ತು. ಈ ಎರಡು ಸಂದರ್ಭಗಳಲ್ಲಿಯೂ ನಮ್ಮ ಯಾಂತ್ರೀಕೃತ ದೋಣಿಗಳು ಮಳೆಗಾಲದ ರಜೆಯಲ್ಲಿ ದಡ ಸೇರಿದ್ದವು. ಇದೇ ಅವಘಡ ಅಕ್ಟೋಬರ್ ತಿಂಗಳಲ್ಲಿ, ಬಂಗುಡೆ ಮತ್ತು ಬೂತಾಯಿಯ ಭರಾಟೆಯ ದಿನಗಳಲ್ಲಿ ನಡೆದಿದ್ದರೆ ಪರಿಣಾಮವೇ ಬೇರೆಯಾಗುತ್ತಿತ್ತು.

ನಿಷೇಧ ತೆರವಾಗುವ ಬಗೆ

ತುರ್ತು ನಿಷೇಧ ಎಷ್ಟು ದಿನವೆಂದು ಆರಂಭದಲ್ಲಿ ಯಾರೂ ಹೇಳಲಾರರು. ತೈಲದಲ್ಲಿರುವ ಕೆಲವು ಹೈಡ್ರೋಕಾರ್ಬನ್‌ಗಳು ಕ್ಯಾನ್ಸರಿಗೆ ಕಾರಣವಾಗಬಲ್ಲವು. ರೆಕ್ಕೆಮೀನುಗಳು ಇವನ್ನು ಬೇಗನೆ ದೇಹದಿಂದ ಹೊರಹಾಕುತ್ತವೆ. ಮರುವಾಯಿ, ನೀಲಿಕಲ್ಲಿನಂತಹ ಚಿಪ್ಪುಜೀವಿಗಳು ಬಹುಕಾಲ ಹಿಡಿದಿಟ್ಟುಕೊಳ್ಳುತ್ತವೆ. ಆದುದರಿಂದ ಮೀನಿಗೆ ಮೊದಲು, ಚಿಪ್ಪಿಗೆ ಕೊನೆಗೆ ಅನುಮತಿ ದೊರೆಯುವುದು ವಾಡಿಕೆ. 2010ರಲ್ಲಿ ಅಮೆರಿಕದ ಮೆಕ್ಸಿಕೊ ಕೊಲ್ಲಿಯ ತೈಲಬಾವಿ ಸ್ಫೋಟಗೊಂಡಾಗ ಅಲ್ಲಿನ ಒಕ್ಕೂಟ ಸರಕಾರದ ಜಲಪ್ರದೇಶದ ಸುಮಾರು ಶೇ. 37 ಭಾಗವನ್ನು ಮುಚ್ಚಲಾಗಿತ್ತು. ಪರಿಣತರು ಮೂಸಿ, ರುಚಿ ನೋಡಿ, ಬಳಿಕ ಪ್ರಯೋಗಾಲಯದ ಪರೀಕ್ಷೆಯಲ್ಲಿಯೂ ತೇರ್ಗಡೆಯಾದ ಮೇಲೆಯೇ ಹಂತಹಂತವಾಗಿ ತೆರೆಯಲಾಯಿತು. ಪೂರ್ತಿ ತೆರೆಯಲು ಒಂದು ವರ್ಷವೇ ಹಿಡಿಯಿತು.

ನಮ್ಮಲ್ಲಿ ಹಿಡಿಯುವುದನ್ನು ತಡೆಯುವ ಕಾನೂನು ಬೇರೆ, ಮಾರುವುದನ್ನು ತಡೆಯುವ ಕಾನೂನು ಬೇರೆ ಎಂಬುದನ್ನು ಅಂಗಡಿಯವರು ಗಮನಿಸಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 30(2)(ಎ) ಕಲಮಿನನ್ವಯ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಯಾವುದೇ ಆಹಾರವಸ್ತುವಿನ ದಾಸ್ತಾನು ಹಾಗೂ ಮಾರಾಟವನ್ನು ಒಂದು ವರ್ಷ ಮೀರದಂತೆ ನಿಷೇಧಿಸಬಹುದು. ಗುಟ್ಕಾ ನಿಷೇಧಕ್ಕೆ ಬಳಕೆಯಾದದ್ದು ಇದೇ ಅಧಿಕಾರ. ಅಂತಹ ಆದೇಶ ಬಂದ ದಿನ ಮೀನು ಎಲ್ಲಿಯದು, ಯಾವ ದಿನಾಂಕದ್ದು ಎಂದು ತೋರಿಸಬಲ್ಲ ಖರೀದಿ ಚೀಟಿ ಇದ್ದವನ ಸ್ಥಿತಿಯೇ ಬೇರೆ, ಇಲ್ಲದವನ ಸ್ಥಿತಿಯೇ ಬೇರೆ.

ಪರಿಹಾರ ಯಾರಿಗೆ?

ಎಲ್ಸಾ–3 ಪ್ರಕರಣದಲ್ಲಿ ಕೇರಳ ಸರಕಾರವು 2017ರ ನೌಕಾ ನ್ಯಾಯಾಧಿಕಾರ ಕಾಯಿದೆಯ ಆಧಾರದಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಗಳ ದಾವೆ ಹೂಡಿತು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವು 1,227.62 ಕೋಟಿ ರೂಪಾಯಿಗಳ ಭದ್ರತೆಯನ್ನು ಒದಗಿಸುವಂತೆ ಆದೇಶಿಸಿತು. ದಾವೆಯ ಬಹುಪಾಲು ಮೊತ್ತ ಪರಿಸರ ಮಾಲಿನ್ಯದ ಬಾಬ್ತು. ಮೀನುಗಾರರ ಆರ್ಥಿಕ ನಷ್ಟದ ಬಾಬ್ತು ಕೋರಿದ್ದು 526.51 ಕೋಟಿ.

ಮೀನುಗಾರನಾಚೆಯ ವರ್ತಕನ ಗತಿಯೇನು? ವಿದೇಶಗಳ ತೀರ್ಪುಗಳು ಉತ್ತೇಜನಕಾರಿಯಾಗಿಲ್ಲ. 1980ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಹಡಗುಗಳೆರಡು ಡಿಕ್ಕಿಯಾಗಿ ವಿಷರಾಸಾಯನಿಕ ಚೆಲ್ಲಿದಾಗ ಮೀನುಗಾರಿಕೆಯನ್ನು ತಡೆಹಿಡಿಯಲಾಯಿತು. 1985ರ ಟೆಸ್ಟ್‌ಬ್ಯಾಂಕ್ ತೀರ್ಪಿನಲ್ಲಿ ವೃತ್ತಿಪರ ಮೀನುಗಾರರ ದಾವೆ ಉಳಿಯಿತು. ಮೀನಿನ ಸಗಟು ವರ್ತಕರು, ಹೋಟೆಲಿನವರು ಮೊದಲಾದವರು ಬರಿಗೈಯಲ್ಲಿ ಮರಳಿದರು. 1996ರಲ್ಲಿ ವೇಲ್ಸ್‌ನ ಬಳಿ ಸೀ ಎಂಪ್ರೆಸ್ ಟ್ಯಾಂಕರಿನಿಂದ ಸುಮಾರು 72,000 ಟನ್ ಕಚ್ಚಾತೈಲ ಸೋರಿದಾಗ ಬ್ರಿಟನ್ ತುರ್ತು ನಿಷೇಧ ಹೇರಿತು. ಅಲ್ಲಿಂದ ಶಂಖುಜಾತಿಯ ಜೀವಿಗಳನ್ನು ತರಿಸಿ ಸಂಸ್ಕರಿಸುತ್ತಿದ್ದ ಡೆವನ್ ಪ್ರಾಂತದ ಕಂಪೆನಿಯೊಂದು ಲಾಭನಷ್ಟದ ಪರಿಹಾರ ಕೇಳಿತು. ನಷ್ಟ ನಿಜವಾದರೂ ಅದು ದೂರದ್ದು, ಪರೋಕ್ಷವಾದುದು ಎಂದು 2003ರಲ್ಲಿ ಮೇಲ್ಮನವಿ ನ್ಯಾಯಾಲಯ ತಿರಸ್ಕರಿಸಿತು.

ತೈಲ ಟ್ಯಾಂಕರುಗಳ ಅವಘಡಕ್ಕೆ ಪರಿಹಾರ ನೀಡುವ ಅಂತಾರಾಷ್ಟ್ರೀಯ ನಿಧಿಯೊಂದಿದೆ. ಭಾರತವೂ ಅದರ ಸದಸ್ಯ ರಾಷ್ಟ್ರ. (ಎಲ್ಸಾ–3 ಟ್ಯಾಂಕರ್ ಅಲ್ಲವಾದುದರಿಂದ ಅದಕ್ಕೆ ಈ ಬಾಗಿಲು ತೆರೆಯುವುದಿಲ್ಲ.) ಪರೋಕ್ಷ ನಷ್ಟದವರ ಅರ್ಜಿಯಲ್ಲಿ ಈ ನಿಧಿಯು ನಾಲ್ಕು ಸಂಗತಿಗಳನ್ನು ನೋಡುತ್ತದೆ: ಮಾಲಿನ್ಯವಾದ ಸ್ಥಳಕ್ಕೆ ಎಷ್ಟು ಸಮೀಪ, ಆ ಸಂಪನ್ಮೂಲವನ್ನು ಎಷ್ಟು ಅವಲಂಬಿಸಿದ್ದಾರೆ, ಬೇರೆ ಮಾಲು ಅಥವಾ ಮಾರುಕಟ್ಟೆ ಇತ್ತೇ, ಆ ಪ್ರದೇಶದ ಆರ್ಥಿಕ ಚಟುವಟಿಕೆಯ ಅವಿಭಾಜ್ಯ ಅಂಗವೇ. ಕೋಳಿ, ಮೊಟ್ಟೆ, ಮೀನು ಮೂರನ್ನೂ ಮಾರುವ ಬೆಳುವಾಯಿಯ ಅಂಗಡಿಗೆ ಎರಡನೆಯ ಹಾಗೂ ಮೂರನೆಯ ಪ್ರಶ್ನೆಗಳು ತೊಡಕಿನವು. ಮೀನಿನ ವ್ಯಾಪಾರವನ್ನು ಪ್ರತ್ಯೇಕ ಖಾತೆಯಲ್ಲಿ ತೋರಿಸದಿದ್ದರೆ ಅವಕ್ಕೆ ಉತ್ತರಿಸುವುದೇ ಅಸಾಧ್ಯ.

ನಷ್ಟದ ಲೆಕ್ಕ

ಮಾರಾಟದ ಕುಸಿತವೇ ನಷ್ಟವೆಂದು ತಿಳಿಯುವುದು ಸಾಮಾನ್ಯ ತಪ್ಪು. ಒಂದು ಉದಾಹರಣೆ: ಹಿಂದಿನ ಮೂರು ವರ್ಷಗಳ ಅಕ್ಟೋಬರ್ ತಿಂಗಳ ಸರಾಸರಿ ಮಾರಾಟ 6,00,000 ರೂಪಾಯಿ, ನಿಷೇಧದ ಅಕ್ಟೋಬರ್‌ನಲ್ಲಿ 2,40,000. ಕುಸಿತ 3,60,000. ಖರೀದಿಯು ಮಾರಾಟದ ಶೇ. 80 ಎಂದಿಟ್ಟುಕೊಂಡರೆ ಕೊಳ್ಳದೆ ಉಳಿದ ಮಾಲಿನ ಬೆಲೆ 2,88,000. ಮಂಜುಗಡ್ಡೆ ಮತ್ತು ಬಾಡಿಗೆಯಲ್ಲಿ ಉಳಿದದ್ದು 12,000. ಕೇಳಬಹುದಾದ ನಷ್ಟ 60,000 ಮಾತ್ರ. ಹೋಲಿಕೆಯು ಅದೇ ತಿಂಗಳೊಡನೆ ಇರಬೇಕು. ಜೂನ್ ತಿಂಗಳ ಕುಸಿತವನ್ನು ಮೇ ತಿಂಗಳೊಡನೆ ಹೋಲಿಸಿದರೆ ಅದು ವಾರ್ಷಿಕ ರಜೆಯ ಪರಿಣಾಮವೆಂದು ಎದುರುವಾದಿಯು ಒಂದೇ ಮಾತಿನಲ್ಲಿ ತಳ್ಳಿಹಾಕುವನು.

ತೊಡಕಿರುವುದು ಇಲ್ಲಿಯೇ. ಸಣ್ಣ ವರ್ತಕರಲ್ಲಿ ಅನೇಕರು ಆದಾಯ ತೆರಿಗೆಯ ಅಂದಾಜು ಆದಾಯ ಪದ್ಧತಿಯಲ್ಲಿ ವಹಿವಾಟಿನ ಶೇ. 8, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6 ಲಾಭವೆಂದು ಘೋಷಿಸಿ ಪುಸ್ತಕವಿಡುವ ಶ್ರಮದಿಂದ ಪಾರಾಗುತ್ತಾರೆ. ತೆರಿಗೆಯ ಮಟ್ಟಿಗೆ ಇದು ಸರಿ. ಆದರೆ 6,00,000 ಮಾರಾಟವಿತ್ತೆಂದು ತೋರಿಸಲು ಆಗ ಪುರಾವೆಯೇನು? ವಹಿವಾಟನ್ನು ಕಡಿಮೆ ತೋರಿಸಿದವನಿಗೆ ಅವನದೇ ರಿಟರ್ನ್ ಎದುರುಸಾಕ್ಷಿಯಾಗುತ್ತದೆ. ದಿನದ ಖರೀದಿ–ಮಾರಾಟದ ಒಂದು ಪುಸ್ತಕ, ಬಂದರಿನ ಏಜೆಂಟರ ಚೀಟಿಗಳು, ಬ್ಯಾಂಕಿನ ಹಾಗೂ ಯು.ಪಿ.ಐ. ವಿವರಗಳು ಇಷ್ಟಿದ್ದರೂ ಸಾಕಷ್ಟಾಯಿತು. ಬಂದ ಪರಿಹಾರವು ಹೋದ ಲಾಭದ ಬದಲಿಗೆ ಬಂದುದರಿಂದ ಸಾಮಾನ್ಯವಾಗಿ ತೆರಿಗೆಗೆ ಒಳಪಡುವುದೆಂಬುದೂ ನೆನಪಿರಲಿ.

ವಿಮೆಯನ್ನು ನಂಬುವಂತಿಲ್ಲ. ಸಾಮಾನ್ಯ ಬೆಂಕಿ ವಿಮೆಯೊಡನೆ ಬರುವ ವ್ಯಾಪಾರ ಸ್ಥಗಿತದ ರಕ್ಷಣೆಯು ಸ್ವಂತ ಆಸ್ತಿಗೆ ಹಾನಿಯಾದಾಗ ಮಾತ್ರ ಅನ್ವಯಿಸುತ್ತದೆ; ಕಡಲು ಮುಚ್ಚಿದರೆ ಅಲ್ಲ. ಹಾಸ್ಟೆಲು, ಹೋಟೆಲುಗಳಿಗೆ ನಿಗದಿತ ದರದಲ್ಲಿ ಮೀನು ಒದಗಿಸುವ ಒಪ್ಪಂದ ಮಾಡಿಕೊಂಡವರಿಗೆ ಇನ್ನೊಂದು ಅಪಾಯವಿದೆ. ಬೆಲೆ ಏರಿದ ಮಾತ್ರಕ್ಕೆ ಒಪ್ಪಂದ ನೆರವೇರಿಸುವುದು ಅಸಾಧ್ಯವಾಯಿತೆಂದು ಹೇಳಲಾಗದು. ಇಂಡೋನೇಷ್ಯಾದ ಕಾನೂನು ಬದಲಾಗಿ ಕಲ್ಲಿದ್ದಲು ದುಬಾರಿಯಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಓಡಿಶಾದ ಅಥವಾ ಆಂಧ್ರದ ಮೀನು ದೊರೆಯುತ್ತಿದ್ದರೆ ಹೆಚ್ಚು ಬೆಲೆ ಕೊಟ್ಟಾದರೂ ತಂದುಕೊಡಬೇಕಾದೀತು. ಸರಕಾರಿ ನಿಷೇಧದ ಅವಧಿಯಲ್ಲಿ ದರವನ್ನು ಮರುನಿಗದಿಪಡಿಸುವ ಒಂದು ಷರತ್ತನ್ನು ಮುಂದಿನ ಒಪ್ಪಂದದಲ್ಲಿ ಬರೆಸಿಕೊಂಡರೆ ಈ ಇಕ್ಕಟ್ಟು ತಪ್ಪುತ್ತದೆ.

ಟ್ಯಾಂಕರ್ ತೈಲದ ಅಂತಾರಾಷ್ಟ್ರೀಯ ಒಪ್ಪಂದಗಳ ಪ್ರಕಾರ ಪರಿಹಾರದ ಹಕ್ಕನ್ನು ಚಲಾಯಿಸಲು ಹಾನಿಯಾದ ದಿನದಿಂದ ಮೂರು ವರ್ಷಗಳ ಅವಧಿಯಿದೆ. ಈಗ ಅಂಗಡಿಗಳಲ್ಲಿ ಕೊಡುವ ಬಿಲ್ಲಿನ ಕಾಗದದ ಮೇಲಿನ ಅಕ್ಷರಗಳು ಅಷ್ಟು ಕಾಲ ಉಳಿಯುವುದಿಲ್ಲ. ಬಿಸಿಲು ತಾಗಿದರೆ ಕೆಲವೇ ತಿಂಗಳುಗಳಲ್ಲಿ ಮಾಸಿಹೋಗುತ್ತವೆ. ಆದುದರಿಂದ ಪ್ರತಿ ತಿಂಗಳ ಕೊನೆಗೆ ಅವುಗಳ ಜೆರಾಕ್ಸ್ ಪ್ರತಿಯನ್ನು ತೆಗೆದು ಕಡತದಲ್ಲಿ ಸೇರಿಸಿಡಬೇಕು.