ಭೂತ ಮತ್ತು ಉದುಗ್: ಎರಡು ಪದಗಳ ವಿಚಾರ

ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿಯೂ ವಿದ್ವಾಂಸರೂ ಆಗಿದ್ದ ಎ. ಸಿ. ಬರ್ನೆಲ್ಲರು ತುಳುನಾಡಿನ ಭೂತಾರಾಧನೆಯನ್ನು ಕುರಿತು ಸಂಗ್ರಹಿಸಿದ ಸಾಮಗ್ರಿ, 1882ರಲ್ಲಿ ಅವರು ನಿಧನರಾದ ತರುವಾಯ, 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟವಾಯಿತು. 'ದಿ ಡೆವಿಲ್ ವರ್ಷಿಪ್ ಆಫ್ ದಿ ತುಳುವಾಸ್' ಎಂಬುದು ಅದರ ಶೀರ್ಷಿಕೆ. ತುಳುವರ ಭೂತಕ್ಕೆ ಇಲ್ಲಿ ದೇವರ ವೈರಿಯಾದ ಸೈತಾನನ ಹೆಸರು ಬಂದಿತು. ಕೆಂಗೇರಿ, ವಿಜಯನಗರಗಳ ಕಡೆಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಗಳೂ ಭೂತವೆಂದರೆ ದೆವ್ವವೆಂದೇ ಭಾವಿಸುವುದುಂಟು. ಈ ತೊಡಕನ್ನು ಬಿಡಿಸಲು ಪ್ರಾಚೀನ ಸುಮೇರಿನ ಒಂದು ಪದ ನಮಗೆ ನೆರವಾಗುತ್ತದೆ.

ಸುಮೇರಿಯನ್ನರು ಒಂದು ಬಗೆಯ ಅದೃಶ್ಯ ಶಕ್ತಿಯನ್ನು 'ಉದುಗ್' ಎಂದು ಕರೆದರು. ಕ್ರಿ. ಪೂ. 22ನೆಯ ಶತಮಾನದಲ್ಲಿ ಲಗಾಶಿನ ಅರಸು ಗುದೇಅನು ಮಣ್ಣಿನ ಉರುಳೆಗಳ ಮೇಲೆ ಬರೆಯಿಸಿದ ಕೃತಿಯಲ್ಲಿ, ಒಳ್ಳೆಯ ಉದುಗ್ ತನ್ನ ಮುಂದೆ ನಡೆಯಲೆಂದು ದೇವತೆಯನ್ನು ಬೇಡುತ್ತಾನೆ. ಕೇಡಿನ ಶಕ್ತಿಯನ್ನು ಸೂಚಿಸಬೇಕಾದಾಗ 'ಕೆಟ್ಟ' ಎಂಬರ್ಥದ 'ಹುಲ್' ಪದವನ್ನು ಸೇರಿಸಿ 'ಉದುಗ್ ಹುಲ್' ಎನ್ನುತ್ತಿದ್ದರು. ಅಂತಹವನ್ನು ಉಚ್ಚಾಟಿಸುವ ಮಂತ್ರಗಳು ಕಾಲಕ್ರಮದಲ್ಲಿ 16 ಫಲಕಗಳ ಸಂಗ್ರಹವಾದುವು. ಕ್ಯಾಂಪ್‌ಬೆಲ್ ಥಾಂಪ್ಸನ್ನರು 1903–04ರಲ್ಲಿ ಈ ಬಗೆಯ ಮಂತ್ರಗಳನ್ನು ಪ್ರಕಟಿಸಿದಾಗಲೂ ಶೀರ್ಷಿಕೆಯಲ್ಲಿ 'ಡೆವಿಲ್ಸ್' ಎಂಬ ಪದವನ್ನೇ ಬಳಸಿದರು. ಉಚ್ಚಾಟನೆಯ ಮಂತ್ರಗಳಿಗೆ ಅದು ಒಪ್ಪಬಹುದು. ಗುದೇಅನ ಕಾವಲಿಗೆ ನಿಂತ ಉದುಗಿಗೆ ಸಲ್ಲದು.

ನಮ್ಮ 'ಭೂತ' ಶಬ್ದವೂ ಹೀಗೆಯೇ. 'ಇರು', 'ಆಗು' ಎಂಬರ್ಥದ ಸಂಸ್ಕೃತ 'ಭೂ' ಧಾತುವಿನಿಂದ ಬಂದ ಈ ಪದದಲ್ಲಿ ಕೇಡಿನ ಅರ್ಥ ಮೂಲತಃ ಇಲ್ಲ. ಪಂಚಭೂತಗಳೆಂಬ ಮಾತೇ ಇದಕ್ಕೆ ಸಾಕ್ಷಿ. ಕಲ್ಕುಡನ ಪಾಡ್ದನವನ್ನು ನೋಡಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯು ಅಂತಹ ಕೆಲಸವನ್ನು ಬೇರೆಲ್ಲಿಯೂ ಮಾಡಬಾರದೆಂದು ಅರಸನು ಅವನ ಕೈಯನ್ನೂ ಕಾಲನ್ನೂ ಕಡಿಸಿದನೆಂದು ಅದು ಹೇಳುತ್ತದೆ. ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಕಾಡಿದರು. ಅನ್ಯಾಯಕ್ಕೆ ಒಳಗಾದವರು ಇಂದಿಗೂ ಈ ದೈವಗಳಿಗೆ ಮೊರೆಯಿಡುತ್ತಾರೆ. 1432ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ನಿಲ್ಲಿಸಿದನೆಂದು ಶಾಸನ ತಿಳಿಸುತ್ತದೆ. ಪಾಡ್ದನವನ್ನು ಯಥಾವತ್ತಾದ ಇತಿಹಾಸವೆನ್ನಲಾಗದು. ಆದರೆ ಶಾಸನದಲ್ಲಿ ದಾತೃವಾಗಿ ಕಾಣುವ ಅರಸನನ್ನು ಜನರ ನೆನಪು ಹೇಗೆ ಕಂಡಿತೆಂಬುದಕ್ಕೆ ಅದು ಆಧಾರ. ಕಲ್ಕುಡನನ್ನು 'ಡೆವಿಲ್' ಎಂದೊಡನೆ ಅನ್ಯಾಯಕ್ಕೆ ಒಳಗಾದವನೇ ಅಪರಾಧಿಯಾಗಿ ತೋರುತ್ತಾನೆ.

ಸುಮೇರಿಗೂ ತುಳುನಾಡಿಗೂ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಇಂತಹ ಪದಗಳನ್ನು ಮೂಲದಲ್ಲಿರುವಂತೆಯೇ ಉಳಿಸಿಕೊಂಡು, ಆಯಾ ಸಂದರ್ಭದಲ್ಲಿ ಅರ್ಥವನ್ನು ವಿವರಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.